ಕೊರವಿ ಸಾಹೇಬರ ‘ತದೀಹಿ’

ಹೊರಡುವ ಮೊದಲು, ರಾಣೆಬೆನ್ನೂರು

ಫ್ರಾನ್ಸಿಗೆ ಹೋಗಿಬಂದವರೆಲ್ಲ ಪ್ಯಾರಿಸ್ಸಿನ ಕಬ್ಬಿಣದ ಗೋಪುರದ ಬಗ್ಗೆ ಬರೆಯುತ್ತಾರೆ. ನಾನು ಅದನ್ನು ನೋಡಲಿಲ್ಲ. ಟ್ಯಾಕ್ಸಿಯವನು ಪಾಪ, ನಮಗೆ ತೋರಿಸಬೇಕೆಂದೇ ಒಂದು ಸುತ್ತು ಹೆಚ್ಚು ಹಾಕಿ ಅದರ ಮಗ್ಗುಲಿನಿಂದ ಕರೆದೊಯ್ದ. ಆ ಹೊತ್ತಿಗೆ ನಾನು ಸೀಟಿನ ಕೆಳಗೆ ತಲೆ ತೂರಿಸಿ, ಉರುಳಿಹೋದ ಲೆನ್ಸಿನ ಮುಚ್ಚಳ ಹುಡುಕುತ್ತಿದ್ದೆ. ನೋಡಿದವಳು ನಮ್ಮ ಮನೆಯಾಕೆ ಗಿರಿಜಾ. “ಹೆಂಗಿತ್ತು?” ಅಂತ ಕೇಳಿದೆ. “ಮೊಬೈಲ್ ಟವರ್ ಇದ್ದಂಗ ಇತ್ರಿ, ಸ್ವಲ್ಪ ದೊಡ್ಡದು,” ಅಂದಳು. ಗೋಪುರದ ವರ್ಣನೆ ಇಲ್ಲಿಗೆ ಮುಗಿಯಿತು.

ಹಾಗಾದರೆ ಅಷ್ಟು ದೂರ ಹೋದದ್ದಾದರೂ ಯಾಕೆ? ನನ್ನ ಹೆಸರು ನೋಡಲಿಕ್ಕೆ. ನಗಬೇಡಿ, ಖರೇ ಹೇಳುತ್ತಿದ್ದೇನೆ.

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ಜವಳ, ಬೀಜದ ಕಂಪನಿಯವರ ರೈತರ ಸಭೆ, ಯಾವುದಕ್ಕೂ ಒಲ್ಲೆ ಅಂದವನಲ್ಲ. ಹತ್ತು ವರ್ಷದ ಹಿಂದೆ ಫ್ರಾನ್ಸಿನ ಒಂದು ಸಿನಿಮಾ ತಂಡ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬಂದಿತ್ತು. ಚಿತ್ರಕಾರ್ತಿಯೊಬ್ಬಳು ಕೆಂಪು ಬಣ್ಣ ಹುಡುಕಿಕೊಂಡು ದೇಶ ದೇಶ ಸುತ್ತಿ, ಕೊನೆಗೆ ನಮ್ಮ ಬ್ಯಾಡಗಿಗೆ ಬಂದು ನಿಲ್ಲುವ ಕಥೆ. ಅದರ ಛಾಯಾಗ್ರಾಹಕರು ಆನ್ಸೆಲ್ಮ್ ಕೊರ್ವೆ. ಪೇಟೆಯ ಹಮಾಲರು ಮೊದಲ ದಿನವೇ ಅವರನ್ನು “ಕೊರವಿ ಸಾಹೇಬ್ರು” ಮಾಡಿಬಿಟ್ಟರು. ಕೊರವಿ ಅನ್ನುವ ಅಡ್ಡಹೆಸರಿನವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಇವರೂ ಆ ಪೈಕಿಯೇ ಒಬ್ಬರು ಅನ್ನುವಷ್ಟು ಸಲೀಸಾಗಿ ಆ ಹೆಸರು ಕೂತಿತು.

ಹರಕುಮುರುಕು ಇಂಗ್ಲಿಷ್ ಬರುತ್ತದೆ, ಕ್ಯಾಮೆರಾ ಗೊತ್ತಿದೆ ಅಂತ ನನ್ನನ್ನು ಕರೆದುಕೊಂಡರು. ನನ್ನ ಕೆಲಸ ಇಷ್ಟೇ: ಬಿಸಿಲನ್ನು ನಟಿಯ ಮುಖಕ್ಕೆ ತಿರುಗಿಸಲು ದೊಡ್ಡದೊಂದು ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲುವುದು, ಮತ್ತು ಸೈಕಲ್ಲಿನವರನ್ನು ತಡೆಯುವುದು. ಆದರೆ ಸ್ಟುಡಿಯೋದ ಬೋರ್ಡಿನ ಮೇಲೆ ಮೊದಲ ವರ್ಷ ನಾನು “ಫ್ರೆಂಚ್ ಸಿನಿಮಾದ ಸಹಾಯಕ” ಆದೆ. ಬಣ್ಣ ಮಾಸಿ ಎರಡನೇ ಸಲ ಬರೆಸಿದಾಗ “ಸಹಾಯಕ ಛಾಯಾಗ್ರಾಹಕ”. ಮೂರನೇ ಸಲ ಪೇಂಟರ್ ಜಾಗ ಸಾಲುವುದಿಲ್ಲ ಅಂದ ಕಾರಣ “ಛಾಯಾಗ್ರಾಹಕ” ಅಷ್ಟೇ ಉಳಿಯಿತು. ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ಆ ಸಿನಿಮಾ ನಮ್ಮ ದೇಶಕ್ಕೆ ಬರಲೇ ಇಲ್ಲ. ಕ್ಯಾಸೆಟ್ಟೂ ಸಿಗಲಿಲ್ಲ. ಎದುರಿನ ಸ್ಟುಡಿಯೋದ ಫಕ್ಕೀರೇಶ ಗಿರಾಕಿಗಳ ಮುಂದೆಯೇ ಕೇಳುತ್ತಿದ್ದ: “ಸಿನಿಮಾದಾಗ ನಿನ್ನ ಹೆಸರು ಐತೇನಪಾ? ಇದ್ರ ತೋರ್ಸು ಮತ್ತ.” ಇದೆ ಅಂತ ನಾನು ಹತ್ತು ವರ್ಷ ಎದೆ ತಟ್ಟಿ ಹೇಳಿದೆ. ಇರಲೇಬೇಕಲ್ಲ, ಅಷ್ಟು ದಿನ ಹಲಗೆ ಹಿಡಿದಿದ್ದೇನೆ.

ಹೀಗಿರುವಾಗ ಎರಡು ಸಾವಿರದ ಆರನೇ ಇಸವಿಯಲ್ಲಿ ಕೊರವಿ ಸಾಹೇಬರಿಂದ ಕಾಗದ ಬಂತು. ಅವರು ಕ್ಯಾಮೆರಾ ಕೆಳಗಿಡುತ್ತಿದ್ದಾರೆ. ಅವರ ಊರು ದಿಜೋಂನಲ್ಲಿ ಜೀವಮಾನದ ಕೆಲಸವನ್ನೆಲ್ಲ ತೋರಿಸಿ ಗೌರವಿಸುತ್ತಾರೆ. ಒಂದೊಂದು ಸಿನಿಮಾದಲ್ಲಿ ಜೊತೆಗಿದ್ದವರನ್ನು ಕರೆಸುತ್ತಿದ್ದಾರೆ. ನೀವು ಹೆಂಡತಿಯನ್ನು ಕರೆದುಕೊಂಡು ಖಂಡಿತ ಬನ್ನಿ. ಹೆಂಡತಿಯ ವಿಷಯ ಮರ್ಯಾದೆಗೆ ಬರೆದದ್ದು ಅಂದುಕೊಂಡೆ. ಹಾವೇರಿಯ ಫೋಟೋಗ್ರಾಫರ್ ಗೆಳೆಯರು ನಾನು ತಿರುಗಿ ಬಂದ ಮೇಲೆ ನಡೆಸಲು ನನಗೊಂದು ಸನ್ಮಾನವನ್ನೂ ಗೊತ್ತು ಮಾಡಿದರು. ಕರಾರು ಒಂದೇ: ಪರದೆಯ ಮೇಲೆ ನನ್ನ ಹೆಸರು ಬಂದಾಗ ಫೋಟೋ ಹೊಡೆದು ತರಬೇಕು. ಅದನ್ನೇ ದೊಡ್ಡದು ಮಾಡಿಸಿ ವೇದಿಕೆಯ ಹಿಂದೆ ಕಟ್ಟುತ್ತಾರೆ. ಫಕ್ಕೀರೇಶನನ್ನು ಮೊದಲ ಸಾಲಿನಲ್ಲೇ ಕೂರಿಸಬೇಕು ಅಂತ ನಾನೇ ಹೇಳಿ ಹೊರಟೆ.

ಪ್ಯಾರಿಸ್ ವಿಮಾನ ನಿಲ್ದಾಣ

ಹಾವೇರಿಯವರು ದೊಡ್ಡವರನ್ನು ನೋಡಲು ಬರಿಗೈಲಿ ಹೋಗುವುದಿಲ್ಲ. ಏಲಕ್ಕಿ ಮಾಲೆ ಒಯ್ಯುತ್ತಾರೆ. ಎಣಿಸಲಾಗದಷ್ಟು ಏಲಕ್ಕಿ ಪೋಣಿಸಿ, ನಡುವೆ ಜರಿ, ಕೆಳಗೆ ಪದಕ ತೂಗುಬಿಟ್ಟ ಭಾರೀ ಮಾಲೆ ನನ್ನ ಚೀಲದಲ್ಲಿತ್ತು. ತಪಾಸಣೆಯ ಹೆಣ್ಣುಮಗಳು ಅದನ್ನು ಎರಡೂ ಕೈಲಿ ಎತ್ತಿ ಮೂಸಿದಳು. ಇದೇನು ಅಂತ ಕೇಳಿದಳು. ಕೊರಳಿಗೆ ಹಾಕುವುದು ಅಂದೆ. ತಿನ್ನುವುದಲ್ಲವೇ ಅಂದಳು. ತಿನ್ನಬಹುದು, ಆದರೆ ತಿನ್ನುವುದಿಲ್ಲ ಅಂದೆ. ನನ್ನ ಇಂಗ್ಲಿಷಿನಲ್ಲಿ ಅದು ಹೇಗೆ ಕೇಳಿಸಿತೋ, ಅವಳು ಇನ್ನೊಬ್ಬನನ್ನು ಕರೆದಳು. ಅವನು ಮತ್ತೊಬ್ಬನನ್ನು ಕರೆದ.

“ಹಾಕಿ ತೋರಿಸ್ರಿ, ಮಾತ್ಯಾಕ?” ಅಂದಳು ಗಿರಿಜಾ.

ಹಾಕಿಕೊಂಡು ನಿಂತೆ. ಕೈಮುಗಿದು ಅತ್ತಿತ್ತ ತಿರುಗಿ, ಸನ್ಮಾನದಲ್ಲಿ ನಿಂತವರು ಹೇಗೆ ನಗುತ್ತಾರೋ ಹಾಗೆ ನಕ್ಕು ತೋರಿಸಿದೆ. ಸಾಲಿನಲ್ಲಿದ್ದವರು ಒಂದಿಬ್ಬರು ಚಪ್ಪಾಳೆ ಹೊಡೆದರು. ನಮ್ಮನ್ನು ಬಿಟ್ಟರು. ನನ್ನ ವಿದೇಶದ ಮೊದಲ ಸನ್ಮಾನ ಹೀಗೆ ನಾನೇ ತಂದ ಮಾಲೆಯಲ್ಲಿ ನಡೆದುಹೋಯಿತು. ಗಿರಿಜಾ ಕಟ್ಟಿಕೊಂಡು ಬಂದಿದ್ದ ಖಟಿರೊಟ್ಟಿ, ಶೇಂಗಾ ಚಟ್ನಿಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ.

ದಿಜೋಂ ಸ್ಟೇಷನ್

ಕೊರವಿ ಸಾಹೇಬರು ಪ್ಲಾಟ್‌ಫಾರ್ಮಿಗೇ ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆನ್ನು ಸ್ವಲ್ಪ ಬಾಗಿದೆ, ಕಣ್ಣು ಮಾತ್ರ ಅವೇ. ನಾನು ತೋಳು ಚಾಚಿ ಮುಂದೆ ನುಗ್ಗಿದೆ. ಅವರು ನನ್ನ ತೋಳಿನ ಪಕ್ಕದಿಂದ ಹಾದು ಹೋಗಿ, ಹಿಂದೆ ಬುತ್ತಿಗಂಟು ಹಿಡಿದು ಬರುತ್ತಿದ್ದ ಗಿರಿಜಾಳ ಮುಂದೆ ನಿಂತು ಕೈಮುಗಿದರು. ಮುಖ ಅರಳಿಸಿ ಒಂದು ಮಾತು ಹೇಳಿದರು: “ತದೀಹಿ!”

ಗಿರಿಜಾ ನಿಂತಲ್ಲೇ ನಿಂತುಬಿಟ್ಟಳು.

“ಯಾಕ, ನಡಿಯಲ್ಲ?” ಅಂದೆ.

“ಅವ್ರು ತಡೀರಿ ಅಂದ್ರಲ್ರಿ.”

“ಏ ಹುಚ್ಚಿ, ಅದು ಫ್ರೆಂಚ್. ಅವರ ನಮಸ್ಕಾರ ಅದು. ನಿನಗ ಎಲ್ಲಾನೂ ಕನ್ನಡಾನ ಕೇಳಸ್ತದ.”

ನಾನು ಕೂಡ ಎದೆಯುಬ್ಬಿಸಿ ಸಾಹೇಬರಿಗೆ “ತದೀಹಿ!” ಅಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಬೆನ್ನು ತಟ್ಟಿ ತಟ್ಟಿ ನಕ್ಕರು. ಭಾಷೆ ಕಲಿಯುವುದು ಇಷ್ಟು ಸುಲಭವೇ ಅನ್ನಿಸಿತು.

ದಿಜೋಂನ ಓಣಿಗಳಲ್ಲಿ

ನಮಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹೇಗೋ ದಿಜೋಂನವರಿಗೆ ಸಾಸಿವೆ ಹಾಗೆ. ಅಂಗಡಿ ಅಂಗಡಿಯಲ್ಲಿ ಭರಣಿ ತುಂಬಾ ಅರೆದ ಸಾಸಿವೆ. ಒಗ್ಗರಣೆಗೆ ಚಿಟಿಕೆ ಹಾಕುವುದನ್ನು ಇವರು ಚಮಚೆಯಲ್ಲಿ ಎತ್ತಿ ಬ್ರೆಡ್ಡಿಗೆ ಸವರಿ ತಿನ್ನುತ್ತಾರೆ. ಬ್ಯಾಡಗಿಯ ಅಳಿಯ ನಾನು, ಖಾರ ಅಂದರೆ ನನಗೇನು ಅಂತ ಒಂದು ಚಮಚೆ ಪೂರ್ತಿ ಬಾಯಿಗೆ ಹಾಕಿಕೊಂಡೆ. ನಮ್ಮ ಖಾರ ನಾಲಿಗೆ ಹಿಡಿಯುತ್ತದೆ. ಇದು ಮೂಗಿನೊಳಗೆ ಹೊಕ್ಕು ನೆತ್ತಿಗೆ ಹೊಡೆಯಿತು. ಕಣ್ಣೀರು ಸುರಿಯುತ್ತಿದ್ದರೂ “ಬೆಸ್ಟ್, ಬೆಸ್ಟ್” ಅಂದೆ. ಅಂಗಡಿಯಾಕೆ ಖುಷಿಯಾಗಿ ಇನ್ನೊಂದು ಚಮಚೆ ಕೊಟ್ಟಳು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಿದ್ದಳು. ಅಳುತ್ತಿರಲಿಲ್ಲ.

ನನ್ನ ಫ್ರೆಂಚ್ ಮಾತ್ರ ಜೋರಾಗಿ ನಡೆದಿತ್ತು. ಇಲ್ಲಿಯವರು ಅಂಗಡಿಯ ಬಾಗಿಲು ತೆಗೆದ ಕೂಡಲೇ “ಬೋಂಜೂರ್” ಅನ್ನುತ್ತಾರೆ. ಅನ್ನದಿದ್ದರೆ ಮುಖ ಗಂಟಿಕ್ಕುತ್ತಾರೆ. ನಮ್ಮ ಹಾಗೆ ಊಟ ಆಯಿತೇನ್ರಿ, ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಅಂತ ಯಾರೂ ವಿಚಾರಿಸುವುದಿಲ್ಲ. ನಾನು ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಬೋಂಜೂರ್ ಅಂದರೆ ಸಾದಾ ನಮಸ್ಕಾರ. ತದೀಹಿ ಅಂದರೆ ಶರಣು ಶರಣಾರ್ಥಿ. ಹಿರಿಯರಿಗೆ, ಮಾನ್ಯರಿಗೆ ಹೇಳುವಂಥದ್ದು. ಹಾಗಾಗಿ ಬಿಳಿಗಡ್ಡ ಕಂಡಲ್ಲೆಲ್ಲ ಕೈಮುಗಿದು ತದೀಹಿ ಅಂದೆ. ಬ್ರೆಡ್ಡಿನ ಅಂಗಡಿಯ ಮುದುಕನಿಗೆ ಅಂದೆ, ಚರ್ಚಿನ ಪಾದ್ರಿಗೆ ಅಂದೆ, ನಾಯಿ ಹಿಡಿದುಕೊಂಡು ಹೊರಟ ಅಜ್ಜಿಗೆ ಅಂದೆ. ಎಲ್ಲರೂ ಹುಬ್ಬೇರಿಸಿ ನೋಡಿ ಮುಂದೆ ಹೋದರು. ಹೊರದೇಶದವನು ಇಷ್ಟು ಶುದ್ಧವಾಗಿ ಮಾತಾಡುತ್ತಾನಲ್ಲ ಅಂತ ಬೆರಗಾಗಿರಬೇಕು ಅಂತ ಗಿರಿಜಾಗೆ ವಿವರಿಸಿದೆ.

“ಹೌದ್ ಹೌದ್,” ಅಂದಳು.

ಪ್ರದರ್ಶನದ ಹಾಲ್

ಮರುದಿನ ಸಾಹೇಬರ ಬದುಕನ್ನೆಲ್ಲ ಗೋಡೆಗೆ ತೂಗುಹಾಕಿದ್ದ ಹಾಲಿಗೆ ಹೋದೆವು. ತೋರಿಸಲು ಕ್ಲೇರ್ ಎಂಬ ಹೆಣ್ಣುಮಗಳು ಬಂದಳು. ಸಾಹೇಬರ ಕೈಕೆಳಗೆ ಪಳಗಿ ಈಗ ತಾನೇ ಕ್ಯಾಮೆರಾ ಹಿಡಿಯುವವಳು. ಇಂಗ್ಲಿಷ್ ಚೆನ್ನಾಗಿ ಬಲ್ಲವಳು.

ಕೊರವಿ ಸಾಹೇಬರ ತಾಯಿ ಇದೇ ಊರಿನಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಹಿತ್ತಲಲ್ಲಿ ಒಣಹಾಕಿದ ಬಿಳಿ ಹಾಸಿಗೆಬಟ್ಟೆಗಳ ನಡುವೆ ಆಡಿ ಬೆಳೆದವರು ಇವರು. ಸೈನ್ಯಕ್ಕೆ ಸೇರಿದಾಗ ಅಲ್ಲಿಯ ಫಿಲ್ಮ್ ವಿಭಾಗಕ್ಕೆ ಹಾಕಿದರು. ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ ಫಿಲ್ಮ್ ಡಬ್ಬಿ ಹೊತ್ತು, ಆಮೇಲೆ ಲೆನ್ಸಿನ ಫೋಕಸ್ ತಿರುಗಿಸುವ ಕೆಲಸದಲ್ಲಿ ವರ್ಷಗಟ್ಟಲೆ ಸವೆದು, ಕೊನೆಗೊಮ್ಮೆ ಸ್ವತಂತ್ರವಾಗಿ ಕ್ಯಾಮೆರಾ ಸಿಕ್ಕಿತು. ಆ ಸಿನಿಮಾಕ್ಕೆ ದೀಪ ಬಾಡಿಗೆ ತರಲೂ ಗತಿಯಿರಲಿಲ್ಲ. ಕಿಟಕಿಗೆ ತಾಯಿಯ ಬಿಳಿ ಬಟ್ಟೆ ಕಟ್ಟಿ, ಅದರಲ್ಲಿ ಸೋಸಿ ಬಂದ ಬೆಳಕಿನಲ್ಲೇ ಪೂರ್ತಿ ತೆಗೆದರು. ಪತ್ರಿಕೆಯವರು ಹೊಸ ಶೈಲಿ ಅಂತ ಕೊಂಡಾಡಿದರು. ಅಲ್ಲಿಂದ ಅವರಿಗೆ ತಿರುಗಿ ನೋಡುವ ಪ್ರಸಂಗ ಬರಲಿಲ್ಲ ಅಂತ ಬರೆಯಬಹುದಿತ್ತು, ಆದರೆ ಬಂತು. ನಟಿಯ ಮುಖ ಕಾಣುವುದಿಲ್ಲ ಅಂತ ನಿರ್ಮಾಪಕರು ಮತ್ತೆ ಮತ್ತೆ ಕೆಲಸದಿಂದ ತೆಗೆದರು. ಮನೆ ನಡೆಸಲು ಸೋಪಿನ ಪುಡಿಯ ಜಾಹೀರಾತು ತೆಗೆದರು. ಅದರಲ್ಲೂ ಬಟ್ಟೆ ಬೆಳ್ಳಗೆ ಕಾಣುವುದಿಲ್ಲ ಅಂತ ಸೋಪಿನವರು ಜಗಳ ತೆಗೆದರು.

ಕರ್ಜಗಿಯ ಒಂದು ಮದುವೆಯಲ್ಲಿ ಕರೆಂಟು ಹೋಗಿ, ಕಂದೀಲಿನ ಬೆಳಕಿನಲ್ಲಿ ನಾನೂ ಅಕ್ಷತೆಯ ಫೋಟೋ ತೆಗೆದಿದ್ದೆ. ಹೆಣ್ಣಿನ ತಂದೆ ಆಲ್ಬಮ್ ತಿರುಗಿಸಿ ನೋಡಿ, “ಇದರಾಗ ನಮ್ಮ ಬೀಗರು ಯಾರು, ಕಂಬ ಯಾವುದು?” ಅಂತ ಕೇಳಿದ್ದರು. ನನ್ನ ಶೈಲಿ ಅಂತ ಯಾರೂ ಬರೆಯಲಿಲ್ಲ.

ಹಾಲಿನ ಆ ತುದಿಯಲ್ಲಿ ಸಾಹೇಬರ ಹಳೆಯ ಸಿಬ್ಬಂದಿ ದೀಪ ಹಚ್ಚಿ, ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಜನರಿಗೆ ತೋರಿಸುತ್ತಿದ್ದರು. ಒಬ್ಬ ಏಣಿಯ ಮೇಲೆ, ಇಬ್ಬರು ಬಿಳಿ ಬಟ್ಟೆಯ ಚೌಕಟ್ಟು ಎತ್ತುತ್ತಿದ್ದಾರೆ, ಒಬ್ಬ ವೈರು ಎಳೆಯುತ್ತಿದ್ದಾನೆ. ಎಲ್ಲರೂ ವಯಸ್ಸಾದವರು. ನಾನು ಸುಮ್ಮನಿರಬೇಕೋ ಬೇಡವೋ? ಕೈಮುಗಿದು ಗಟ್ಟಿಯಾಗಿ “ತದೀಹಿ!” ಅಂದೆ.

ಎಲ್ಲರೂ ಇದ್ದ ಭಂಗಿಯಲ್ಲೇ ನಿಂತುಬಿಟ್ಟರು. ಏಣಿಯ ಮೇಲಿನವನ ಒಂದು ಕಾಲು ಗಾಳಿಯಲ್ಲಿ ಉಳಿಯಿತು. ಚೌಕಟ್ಟು ಅರ್ಧಕ್ಕೆ ನಿಂತಿತು. ನಾನು ಗಾಬರಿಯಾಗಿ, ಕೇಳಿಸಲಿಲ್ಲವೇನೋ ಅಂತ ಮತ್ತೊಮ್ಮೆ “ತದೀಹಿ, ತದೀಹಿ!” ಅಂದೆ. ಈಗ ಉಸಿರನ್ನೂ ಬಿಗಿಹಿಡಿದು ಛಾವಣಿ ನೋಡುತ್ತ ನಿಂತರು.

ಕ್ಲೇರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ನೀವು ಬಿಡುವವರೆಗೂ ಅವರು ಅಲುಗಾಡುವುದಿಲ್ಲ,” ಅಂದಳು. “ಇದು ನಮ್ಮ ಕಸುಬಿನ ಮಾತು. ಬೆಳಕು ಬರುವ ತನಕ ಯಾರೂ ಕದಲಬೇಡಿ ಅಂತ ಅರ್ಥ. ಮಸ್ಯೂ ಕೊರ್ವೆ ಅದನ್ನು ನಿಮ್ಮ ಊರಿನಿಂದಲೇ ತಂದರು. ಅವರ ಜೊತೆ ಕೆಲಸ ಮಾಡಿದವರೆಲ್ಲ ಈಗ ಹೀಗೇ ಹೇಳುತ್ತಾರೆ. ನಾನೂ ಹೇಳುತ್ತೇನೆ.”

ತದೀಹಿ ಅಂದರೆ ತಡೀರಿ! ಇವರ ಗಂಟಲಲ್ಲಿ ನಮ್ಮ ‘ರ’ ಹೊರಳುವುದಿಲ್ಲ, ‘ಡ’ ನಿಲ್ಲುವುದಿಲ್ಲ. ಅಂದರೆ ಎರಡು ದಿನದಿಂದ ನಾನು ದಿಜೋಂನ ಮುದುಕರಿಗೆಲ್ಲ ಕೈಮುಗಿದು ಕನ್ನಡದಲ್ಲಿ “ನಿಲ್ಲಿ, ನಿಲ್ಲಿ” ಅನ್ನುತ್ತಿದ್ದೆ. ಪಾದ್ರಿಯನ್ನೂ ಬಿಡಲಿಲ್ಲ. ಗಿರಿಜಾಳ ಕಡೆ ನೋಡಿದೆ. ಅವಳು ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾ ಹೇಳಿರಲಿಲ್ಲೇನು ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಆದರೆ ನಾಚಿಕೆ ಬಹಳ ಹೊತ್ತು ಇರಲಿಲ್ಲ. ಅದರ ಜಾಗಕ್ಕೆ ಜಂಭ ಬಂದು ಕೂತಿತು. ಬ್ಯಾಡಗಿಯಲ್ಲಿ ಜನರನ್ನು ತಡೆಯುತ್ತಿದ್ದವನು ಯಾರು? ನಾನು. ಅಂದರೆ ಆ ಮಾತು ನನ್ನದು. ಫ್ರಾನ್ಸಿನ ಛಾಯಾಗ್ರಾಹಕರೆಲ್ಲ ನನ್ನ ಮಾತಿನಿಂದ ಕೆಲಸ ನಿಲ್ಲಿಸುತ್ತಾರೆ! ಬೋರ್ಡಿನಲ್ಲಿ ಇನ್ನೊಂದು ಸಾಲಿಗೆ ಜಾಗ ಎಲ್ಲಿದೆ ಅಂತ ಯೋಚಿಸುತ್ತಲೇ ಹಾಲಿನಿಂದ ಹೊರಬಂದೆ.

ಸಿನಿಮಾ ಮಂದಿರ

ಸಂಜೆ ನಮ್ಮ ಬ್ಯಾಡಗಿಯ ಸಿನಿಮಾ. ಮೊದಲು ಸಾಹೇಬರಿಗೆ ಶಾಲು ಹೊದಿಸಿ ಏಲಕ್ಕಿ ಮಾಲೆ ಹಾಕಿದೆ. ನಮ್ಮಲ್ಲಿ ಮಾಲೆ ಹಾಕಿಸಿಕೊಂಡವರು ಮರುಗಳಿಗೆಯೇ ತೆಗೆದು ಕೈಲಿ ಹಿಡಿಯುತ್ತಾರೆ. ಅದು ಅವರಿಗೆ ಗೊತ್ತಿಲ್ಲ. ತೆಗೆಯಲೇ ಇಲ್ಲ. ಸುತ್ತ ನಾಲ್ಕು ಸಾಲಿಗೆ ಪಾಯಸದ ವಾಸನೆ ಬರುತ್ತಿತ್ತು.

ನಾನು ಕ್ಯಾಮೆರಾ ಹೊರತೆಗೆದು ಮಂಡಿಯ ಮೇಲಿಟ್ಟುಕೊಂಡೆ. ಸಿನಿಮಾ ಶುರುವಾಯಿತು. ಚಿತ್ರಕಾರ್ತಿ ಕಿಟಕಿಯ ಬಳಿ ಕೂತಳು. ಬಹಳ ಹೊತ್ತು ಕೂತಳು. ಮಳೆ ಬಂತು, ನಿಂತಿತು. ಆಮೇಲೆ ಅವಳು ಎದ್ದು ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ನಮ್ಮ ಕಡೆಯ ಟಾಕೀಸಿನಲ್ಲಿ ಬೆಳೆದವರಿಗೆ ಇಂಥ ಹೊತ್ತಿನಲ್ಲಿ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಮೆಷಿನ್ನಿನ ಕಾರ್ಬನ್ ಕಡ್ಡಿ ಸವೆದು ಪರದೆ ಮಂಕಾದರೆ ಇಡೀ ಟಾಕೀಸು ಕೂಗುತ್ತಿತ್ತು. ನಾನೂ ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಸೀಟಿ ಹೊಡೆದೆ. ಆಮೇಲೆ ಕೂಗಿದೆ: “ಏ ಕಾರ್ಬನ್! ಕಾರ್ಬನ್ ನೋಡಲೇ!”

ಇಡೀ ಮಂದಿರ ತಿರುಗಿ ನೋಡಿತು. ಕತ್ತಲಲ್ಲೂ ಅದು ಗೊತ್ತಾಗುತ್ತದೆ.

“ಸುಮ್ಮ ಕುಂದರ್ರಿ,” ಅಂತ ಗಿರಿಜಾ ತೋಳು ಚಿವುಟಿದಳು. “ಸಾಹೇಬ್ರು ಕತ್ತಲೀನ ತೋರಸಾಕತ್ತಾರ.”

ಕೊನೆಯಲ್ಲಿ ಬ್ಯಾಡಗಿ ಬಂತು. ಹತ್ತು ವರ್ಷ ಅದನ್ನು ಬಾಯಲ್ಲಿ ವರ್ಣಿಸಿದ್ದೆ, ಪರದೆಯ ಮೇಲೆ ನೋಡಿರಲಿಲ್ಲ. ಪೇಟೆಯ ನೆಲದ ತುಂಬಾ ಮೆಣಸಿನಕಾಯಿ ರಾಶಿ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ, ಮೋಡ ಸರಿದು ನಿಧಾನಕ್ಕೆ ಅದರ ಮೇಲೆ ಹರಿದುಬಂದ ಬಿಸಿಲು. ಆ ಕೆಂಪು ಉರಿಯಲಿಲ್ಲ, ಉಸಿರಾಡಿತು. ನಾನು ದಿನಾ ತುಳಿದು ಓಡಾಡಿದ ಜಾಗ ಅದೇ. ಕಣ್ಣು ತುಂಬಿಬಂತು. ಸಾಸಿವೆ ತಿಂದಿರಲಿಲ್ಲ.

ಹೆಸರುಗಳು ಬಂದವು. ಕ್ಯಾಮೆರಾ ಕಣ್ಣಿಗೆ ಹಚ್ಚಿದೆ. ಆ ಹೆಸರುಗಳ ಸಾಲು ಬಹಳ ಉದ್ದವೇನಿರಲಿಲ್ಲ. ಬ್ಯಾಡಗಿ ಅಂತ ಊರಿನ ಹೆಸರು ಬಂತು. ಅದರ ಕೆಳಗೆ ಒಂದೇ ಒಂದು ಹೆಸರು. ಗುಂಡಿ ಒತ್ತಿದೆ. ಫ್ಲಾಶ್ ಆರಿಸುವುದನ್ನು ಮರೆತಿದ್ದೆ. ಪರದೆಯೆಲ್ಲ ಬೆಳ್ಳಗಾಗಿ ಜನ ಮತ್ತೊಮ್ಮೆ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಕ್ಲೇರ್ ಓದಿ ಹೇಳಿದಳು: “ಮದಾಂ ತದೀಹಿ.”

“ಮಸ್ಯೂ ಅಲ್ಲವೇ?” ಅಂತ ಕೇಳಿದೆ.

“ಮದಾಂ,” ಅಂದಳು. ಅಂದರೆ ಶ್ರೀಮತಿ. ಸ್ಟೇಷನ್ನಿನಲ್ಲಿ ಸಾಹೇಬರು ಆ ಮಾತು ಹೇಳಿ ಕೈಮುಗಿದದ್ದು ಯಾರಿಗೆ ಅಂತ ಆಗ ನೆನಪಾಯಿತು.

ನನ್ನ ಹೆಸರು ಆ ಸಿನಿಮಾದಲ್ಲಿ ಎಲ್ಲೂ ಇರಲಿಲ್ಲ.

ಸಾಹೇಬರ ಮನೆ

ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಗೊರಕೆ ಹೊಡೆದೆನಂತೆ. ಆದರೆ ಎದ್ದ ಕೂಡಲೇ ಹಾವೇರಿಯ ವೇದಿಕೆ, ಮೊದಲ ಸಾಲು, ಅಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಫಕ್ಕೀರೇಶ ಎಲ್ಲ ಕಣ್ಣಮುಂದೆ ಬಂದವು. ಹತ್ತು ವರ್ಷ ಹೇಳಿಕೊಂಡು ತಿರುಗಿದ್ದು ಒಂದು ಸಾಲಿನಲ್ಲಿ ಮುಗಿದುಹೋಗಿತ್ತು. ಅವಮಾನ ಅಂದರೆ ಅವಮಾನ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಬೇರೆ. ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಮಧ್ಯಾಹ್ನ ಸಾಹೇಬರ ಮನೆಯಲ್ಲಿ ಊಟ. ಕ್ಲೇರ್ ಕೂಡ ಬಂದಿದ್ದಳು. ಊಟಕ್ಕೆ ಕೂತಾಗ ಸಾಹೇಬರು ಗಿರಿಜಾಳ ಕಡೆ ನೋಡುತ್ತ ಹೇಳಿದರು. ಅವರ ಇಂಗ್ಲಿಷನ್ನು ನಾನು ಕನ್ನಡ ಮಾಡಬೇಕು. “ಅವತ್ತು ಮೋಡ ಕವಿದಿತ್ತು. ನಿರ್ದೇಶಕರು ಅವಸರ ಮಾಡುತ್ತಿದ್ದರು. ನಿಮ್ಮ ಗಂಡನೂ ‘ಓಕೆ ಸರ್, ಸ್ಟಾರ್ಟ್ ಸರ್’ ಅನ್ನುತ್ತಿದ್ದರು. ನಾನು ಸೋತು ಕ್ಯಾಮೆರಾ ಶುರುಮಾಡುವುದರಲ್ಲಿದ್ದೆ. ನೀವು ಬಂದು ಕೈ ಅಡ್ಡ ಹಿಡಿದು ‘ತದೀಹಿ’ ಅಂದಿರಿ. ಎಲ್ಲರೂ ನಿಂತರು. ಆಮೇಲೆ ಆ ಬಿಸಿಲು ಬಂತು. ಬೆಳಕಿಗೆ ಕಾಯುವ ಧೈರ್ಯ ನನಗೆ ನೀವು ಕೊಟ್ಟದ್ದು. ಅಲ್ಲಿಂದೀಚೆಗೆ ನಾನು ಯಾರ ಅವಸರಕ್ಕೂ ಕ್ಯಾಮೆರಾ ತಿರುಗಿಸಲಿಲ್ಲ.”

ಗಿರಿಜಾಳ ತವರುಮನೆ ಬ್ಯಾಡಗಿ. ಆಗ ಅವಳು ಅಲ್ಲೇ ಇದ್ದಳು, ನನಗೆ ದಿನಾ ಬುತ್ತಿ ತರುತ್ತಿದ್ದಳು. ಅದು ನನಗೆ ನೆನಪಿತ್ತು. ಈ ಮಾತು ನೆನಪಿರಲಿಲ್ಲ. ಅವಳಿಗೆ ಹೇಳಿದೆ. ಅವಳು ಕಣ್ಣರಳಿಸಿದಳು.

“ಅಯ್ಯ, ನಾ ಬೆಳಕಿಗೆಲ್ಲಿ ಅಂದೇನ್ರಿ? ಬಿಸಿ ರೊಟ್ಟಿ ಕಟ್ಕೊಂಡು ಬಂದಿದ್ದೆ. ಎಲ್ಲಾರೂ ಉಪಾಸ ಕೆಲಸಕ್ಕ ಹತ್ತೀದ್ರಿ. ತಡೀರಿ, ಮೊದ್ಲ ಉಣ್ರಿ, ಪಲ್ಯ ಆರತೈತಿ ಅಂದೆ. ಅಷ್ಟ!”

ಇದನ್ನು ಸಾಹೇಬರಿಗೆ ಹೇಳಬೇಕೋ ಬೇಡವೋ? ಅವರ ಹತ್ತು ವರ್ಷದ ಸಿದ್ಧಾಂತ ನನ್ನ ನಾಲಿಗೆಯ ತುದಿಯಲ್ಲಿ ತೂಗುತ್ತಿತ್ತು. ನನ್ನದು ಮುಳುಗಿದೆ, ಅವರದೂ ಮುಳುಗಲಿ ಅಂತ ಹೇಳಿಯೇಬಿಟ್ಟೆ. ಸಾಹೇಬರು ಚಮಚೆ ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಕ್ಲೇರ್ ನೀರು ಕೊಟ್ಟಳು. “ಇನ್ನೂ ಚೆನ್ನಾಯಿತು,” ಅಂದರು ಕಣ್ಣೊರೆಸಿಕೊಂಡು. “ಊಟ ಮಾಡುತ್ತ ಕೂತೆವು, ಬೆಳಕು ತಾನೇ ಬಂತು.”

ನಗು ತಗ್ಗಿದ ಮೇಲೆ ಅವರು ವಿಷಯಕ್ಕೆ ಬಂದರು. ಹಳೆಯ ಸಿನಿಮಾಗಳನ್ನೆಲ್ಲ ತೊಳೆದು ಹೊಸ ಪ್ರತಿ ಮಾಡುತ್ತಿದ್ದಾರೆ. ಹೆಸರುಗಳನ್ನು ತಿದ್ದಲು ಈಗ ಅವಕಾಶವಿದೆ. ಇವರ ನಿಜವಾದ ಹೆಸರೇನು?

ಬಾಯಿಗೆ ಬಂದ ನನ್ನ ಹೆಸರು ನುಂಗಿಕೊಂಡೆ. “ಗಿರಿಜಾ,” ಅಂದೆ. ಕ್ಲೇರ್ ಬರೆದುಕೊಂಡಳು.

“ಏನ್ ಹೇಳಿದ್ರಿ?” ಅಂತ ಗಿರಿಜಾ ಕೇಳಿದಳು.

“ಸಿನಿಮಾದಾಗ ಹಾಕಾಕ ನಿನ್ನ ಹೆಸರು ಕೇಳಿದ್ರು. ಹೇಳಿದೆ.”

“ಮತ್ತ ನಿಮ್ದು?”

“ನಂದ್ಯಾಕ, ಬಿಡು.”

“ಯಾಕಂದ್ರ? ಆ ಹಲಗಿ ಹಿಡಕೊಂಡು ನಿಂತು ನಿಂತು ತೋಳು ಬಾತು, ತುತ್ತು ಎತ್ತಾಕ ಬರತಿರಲಿಲ್ಲ ನಿಮಗ. ದಿನಾ ಎಣ್ಣಿ ಹಚ್ಚಿ ತಿಕ್ಕಿದಾಕಿ ನಾನಲ್ಲೇನು? ನಾ ಏನ್ ಮಾಡೇನಿ, ಊಟಕ್ಕ ಕರದೇನಿ. ನಿಮ್ಮ ಹೆಸರು ಹೇಳ್ರಿ.”

ಊರ ತುಂಬಾ ಹೇಳಿಕೊಂಡು ತಿರುಗಿದ ಬಾಯಿ ಆಗ ತೆರೆಯಲಿಲ್ಲ. ನನ್ನ ಹೆಸರನ್ನೂ ಹಾಕಿ ಅಂತ ನಾನೇ ಹೇಗೆ ಕೇಳಲಿ? ತಟ್ಟೆ ನೋಡುತ್ತ ಕೂತೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಬಾಗಿಲು ಅಡ್ಡಗಟ್ಟಿ ಪ್ರಾಸ ಕೂಡಿಸಿದ ಒಡಪಿನಲ್ಲಿ ಹೇಳಿಸಿದ್ದರು; ಬ್ಯಾಂಡಿನ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೇ ಕೇಳಿಸಿರಲಿಲ್ಲ. ಅಲ್ಲಿಂದ ನಾನು “ಇಲ್ನೋಡ್ರಿ”, “ನಮ್ಮ ಮನಿಯವ್ರು”, ಮಕ್ಕಳ ಮುಂದೆ “ನಿಮ್ಮಪ್ಪ”. ಪಾಸ್‌ಪೋರ್ಟ್ ಆಫೀಸಿನಲ್ಲಿ ಗಂಡನ ಹೆಸರು ಹೇಳಮ್ಮ ಅಂದರೆ ರೇಷನ್ ಕಾರ್ಡು ಎತ್ತಿ ತೋರಿಸಿದ್ದಳು. ಬಾಯಿಬಿಟ್ಟು ಹೇಳಬೇಕು ಅಂತ ಅಧಿಕಾರಿ ರೇಗಿದ. ಇವಳು ನನ್ನತ್ತ ಬೆರಳು ಮಾಡಿ, “ಅವರನ್ನ ಕೇಳ್ರಿ, ಅವರಿಗೆ ಗೊತ್ತೈತಿ,” ಅಂದಿದ್ದಳು.

ಈಗ ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ನನ್ನನ್ನು ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೇರ ಸಾಹೇಬರಿಗೆ, ಬೆರಳು ನನ್ನತ್ತ ಮಾಡಿ ಹೇಳಿದಳು.

“ವೀರಭದ್ರಪ್ಪ.”

ಸಾಹೇಬರಿಗೆ ಅದು ಬಾಯಲ್ಲಿ ನಿಲ್ಲಲಿಲ್ಲ. “ವೀಹ...” ಅಂದು ತಡವರಿಸಿದರು.

“ವೀಹ ಅಲ್ರಿ. ವೀ-ರ,” ಅಂದಳು. “ವೀ-ರ-ಭ-ದ್ರ-ಪ್ಪ.” ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹಾಗೆ, ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತ ಹೇಳಿದಳು. ಅವರು ಮತ್ತೆ ತಪ್ಪಿದರು. ಅವಳು ನಕ್ಕು ಮತ್ತೆ ಹೇಳಿದಳು. ಮುಖ ಕೆಂಪಾಗಿತ್ತು, ಆದರೆ ದನಿ ತಗ್ಗಲಿಲ್ಲ. ನನ್ನ ಹೆಸರು ಅಷ್ಟು ಚೆಂದ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

ಕ್ಲೇರ್ ಬರೆದ ಕಾಗದವನ್ನು ನನ್ನ ಕಡೆ ತಳ್ಳಿ, ಎರಡೂ ಹೆಸರು ಸರಿಯಾಗಿವೆಯೇ ನೋಡಿ ಅಂದಳು. ನೋಡಿದೆ. ಒಂದಕ್ಷರವೂ ತಪ್ಪಿರಲಿಲ್ಲ.

“ನಂದು ತಪ್ಪೈತಿ ನೋಡ, ಗಿರಿಜಾ,” ಅಂದೆ. “ಇವ್ರಿಗೆ ಇನ್ನೂ ತಿಳಿದಿಲ್ಲ. ಇನ್ನೊಂದ್ಸಲ ಹೇಳು.”